ಹೊಗೆಕೊಳವೆಗೆ ಮೊದಲು ಗಾಳಿಕೊಳವೆ: ವಾಣಿಜ್ಯ ಬಾಯ್ಲರಿಗೆ ತಕ್ಕ ಜೋಡಿಯನ್ನು ಆರಿಸುವುದು

ವಾಣಿಜ್ಯ ಬಾಯ್ಲರ್ ಕೊಳ್ಳುವಾಗ ಅದರ ಸಾಮರ್ಥ್ಯ, ದಕ್ಷತೆ ಮತ್ತು ಬೆಲೆಯ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಹೊಗೆ ಎಲ್ಲಿಂದ ಹೊರಗೆ ಹೋಗಬೇಕು ಎಂಬುದು ಕೊನೆಯ ಘಳಿಗೆಯ ಮಾತಾಗುತ್ತದೆ. ಗಾಳಿ ಎಲ್ಲಿಂದ ಒಳಗೆ ಬರಬೇಕು ಎಂಬುದನ್ನಂತೂ ಎಷ್ಟೋ ಕಡೆ ಯಾರೂ ಕೇಳುವುದೇ ಇಲ್ಲ. ಒಂದು ಲೆಕ್ಕ ಹಾಕಿ ನೋಡೋಣ. 500 ಕಿಲೋವ್ಯಾಟ್ ಉರಿಯುವ ನೈಸರ್ಗಿಕ ಅನಿಲದ ಬಾಯ್ಲರ್ ಪೂರ್ಣ ಬಲದಲ್ಲಿ ಗಂಟೆಗೆ ಸುಮಾರು 47 ಘನ ಮೀಟರ್ ಅನಿಲವನ್ನು ಸುಡುತ್ತದೆ. ಒಂದು ಪಾಲು ಮೀಥೇನಿಗೆ ಕನಿಷ್ಠ ಒಂಬತ್ತೂವರೆ ಪಾಲು ಗಾಳಿ ಬೇಕು. ಅದರ ಮೇಲೆ ಕಾಲು ಭಾಗ ಹೆಚ್ಚುವರಿ ಗಾಳಿಯನ್ನು ಸೇರಿಸಿದರೆ ಗಂಟೆಗೆ 550 ಘನ ಮೀಟರ್ ದಾಟುತ್ತದೆ, ತೂಕದಲ್ಲಿ ಹೇಳುವುದಾದರೆ ಏಳುನೂರು ಕಿಲೋಗ್ರಾಂನಷ್ಟು. ಇಷ್ಟು ಗಾಳಿ ಒಂದು ಬಾಗಿಲಿನ ಸಂದಿಯಿಂದ ಬಂದೀತೆಂದು ನಂಬಿ ಕೂರುವುದು ಅಪಾಯದ ಕೆಲಸ.

ಗಾಳಿ ಬರುವ ಕೊಳವೆ ಮತ್ತು ಹೊಗೆ ಹೋಗುವ ಕೊಳವೆ ಬೇರೆ ಬೇರೆ ವಸ್ತುಗಳಂತೆ ಕಂಡರೂ, ಅವು ಜ್ವಾಲೆಯನ್ನು ನಡುವೆ ಇಟ್ಟುಕೊಂಡ ಒಂದೇ ದಾರಿ. ಒಂದು ತುದಿಯಲ್ಲಿ ಗಾಳಿಯ ಒತ್ತಡ ಬದಲಾದರೆ ಇನ್ನೊಂದು ತುದಿಗೆ ಅದು ತಟ್ಟುತ್ತದೆ. ಎರಡರಲ್ಲಿ ಒಂದು ಕಟ್ಟಿಕೊಂಡರೂ ಉರಿ ಕೆಡುತ್ತದೆ. ಆದ್ದರಿಂದ ಈ ಬರಹದಲ್ಲಿ ಆಯ್ಕೆಗಳನ್ನು ಜೋಡಿಯಾಗಿಯೇ ಹೋಲಿಸಲಾಗಿದೆ. ಅಳವಡಿಕೆಯನ್ನು ಪರವಾನಗಿ ಇರುವ ತಂತ್ರಜ್ಞರೇ ಮಾಡಬೇಕು. ಇಲ್ಲಿರುವ ಅಳತೆಗೂ ತಯಾರಕರ ಕೈಪಿಡಿಗೂ ಸ್ಥಳೀಯ ನಿಯಮಕ್ಕೂ ವ್ಯತ್ಯಾಸ ಕಂಡಲ್ಲಿ, ಆ ಎರಡರ ಪೈಕಿ ಹೆಚ್ಚು ಬಿಗಿಯಾದುದನ್ನು ಅನುಸರಿಸಬೇಕು.

ಗಾಳಿ: ಕೋಣೆಯದೋ, ಹೊರಗಿನದೋ

ಹಳೆಯ ಮತ್ತು ಅಗ್ಗದ ದಾರಿಯೆಂದರೆ ಬಾಯ್ಲರ್ ಇರುವ ಕೋಣೆಯ ಗಾಳಿಯನ್ನೇ ಉರಿಗೆ ಬಳಸುವುದು. ಇದಕ್ಕಾಗಿ ಹೊರಗೋಡೆಯಲ್ಲಿ ಎರಡು ಶಾಶ್ವತ ಕಿಂಡಿಗಳನ್ನು, ಒಂದನ್ನು ನೆಲದ ಹತ್ತಿರ, ಇನ್ನೊಂದನ್ನು ಚಾವಣಿಯ ಹತ್ತಿರ, ಬಿಡಲಾಗುತ್ತದೆ. ಉತ್ತರ ಅಮೆರಿಕದ ಅನಿಲ ಸಂಹಿತೆಯಾದ ಎನ್‌ಎಫ್‌ಪಿಎ 54ರ ಪ್ರಕಾರ, ನೇರವಾಗಿ ಹೊರಗೆ ತೆರೆಯುವ ಇಂತಹ ಎರಡು ಕಿಂಡಿಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಿಲೋವ್ಯಾಟಿಗೆ 550 ಚದರ ಮಿಲಿಮೀಟರ್ ತೆರವು ಇರಬೇಕು. ನಮ್ಮ 500 ಕಿಲೋವ್ಯಾಟ್ ಬಾಯ್ಲರಿಗೆ ಇದು ಒಂದೊಂದು ಕಿಂಡಿಗೂ 0.275 ಚದರ ಮೀಟರ್. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಗೋಡೆಯಲ್ಲಿ ಕೊರೆದ ರಂಧ್ರವನ್ನೇ ತೆರವೆಂದು ಎಣಿಸುವುದು. ಕಿಂಡಿಗೆ ಕೂರಿಸುವ ಓರೆ ಪಟ್ಟಿಗಳ ಚೌಕಟ್ಟು, ಅಂದರೆ ಲೂವರು, ದಾರಿಯ ಒಂದು ಭಾಗವನ್ನು ತಿಂದುಬಿಡುತ್ತದೆ. ಲೂವರಿನ ನಿಖರ ಅಂಕಿ ಗೊತ್ತಿಲ್ಲದಿದ್ದಾಗ ಲೋಹದ ಲೂವರಿನಲ್ಲಿ ನೂರಕ್ಕೆ 75ರಷ್ಟು, ಮರದ ಲೂವರಿನಲ್ಲಿ ನೂರಕ್ಕೆ 25ರಷ್ಟು ಮಾತ್ರ ತೆರವೆಂದು ಅದೇ ಸಂಹಿತೆ ಹಿಡಿಯುತ್ತದೆ. ಅಂದರೆ ಲೋಹದ್ದಾದರೆ ಸುಮಾರು 600 ಮಿಲಿಮೀಟರ್ ಚೌಕದ ಕಿಂಡಿ ಸಾಕು. ಮರದ್ದಾದರೆ ಅದು ಒಂದು ಮೀಟರಿಗೂ ಮಿಕ್ಕಿದ ಚೌಕವಾಗಬೇಕು.

ಲೆಕ್ಕ ಸರಿಯಾಗಿದ್ದರೂ ಈ ವಿಧಾನದ ದುರ್ಬಲ ಕೊಂಡಿ ಮನುಷ್ಯರೇ. ಚಳಿಯೆಂದೋ ಧೂಳೆಂದೋ ಇಲಿ ಬರುತ್ತದೆಂದೋ ಯಾರಾದರೂ ಕಿಂಡಿಗೆ ರಟ್ಟು ಅಡ್ಡ ಇಡುತ್ತಾರೆ. ಪಕ್ಕದ ಅಡುಗೆಮನೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಬರುತ್ತದೆ. ಅದು ಬಾಯ್ಲರ್ ಕೋಣೆಯ ಗಾಳಿಯನ್ನೂ ಎಳೆದು ಒತ್ತಡವನ್ನು ಇಳಿಸಿದಾಗ, ಚಿಮಣಿಯಲ್ಲಿ ಮೇಲೇರಬೇಕಾದ ಹೊಗೆ ಕೆಳಗೆ ಬರುತ್ತದೆ. ಇದಕ್ಕಿಂತ ನಿಧಾನವಾಗಿ, ಆದರೆ ಅಷ್ಟೇ ಖಚಿತವಾಗಿ ಕೆಡಿಸುವುದು ಕೋಣೆಯಲ್ಲಿ ಇಟ್ಟ ರಾಸಾಯನಿಕಗಳು. ಒಂದು ಬಟ್ಟೆ ಒಗೆಯುವ ಘಟಕದಲ್ಲಿ, ಜಾಗ ಉಳಿಯಲೆಂದು ಬ್ಲೀಚಿನ ಡ್ರಮ್ಮುಗಳನ್ನು ಬಾಯ್ಲರಿನ ಪಕ್ಕದಲ್ಲೇ ಸಾಲಾಗಿ ಇಟ್ಟಿದ್ದರು. ಬಾಯ್ಲರ್ ಬಂದು ಎರಡು ವರ್ಷವಾಗುವಷ್ಟರಲ್ಲಿ ಮುಚ್ಚಳ ತೆಗೆದು ನೋಡಿದಾಗ, ಬರ್ನರಿನ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ಮೇಲೆ ಸಾಸಿವೆ ಕಾಳಿನ ಗಾತ್ರದ ಕಂದು ಚುಕ್ಕೆಗಳು ಎದ್ದಿದ್ದವು. ಬೆರಳುಗುರಿನಿಂದ ಕೆರೆದರೆ ಅವುಗಳ ಕೆಳಗೆ ಗುಳಿಗಳಿದ್ದವು. ಕ್ಲೋರಿನ್ ಆವಿ ಜ್ವಾಲೆಯ ಮೂಲಕ ಹಾದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಲೋಹದ ಮೇಲೆ ಕೂತಿತ್ತು. ಈಜುಕೊಳದ ರಾಸಾಯನಿಕ, ಶೀತಕ ಅನಿಲ, ಬಣ್ಣ ತೆಗೆಯುವ ದ್ರಾವಣ, ಡ್ರೈ ಕ್ಲೀನಿಂಗ್ ದ್ರವ ಇವೆಲ್ಲವೂ ಇದೇ ಜಾತಿಯವು. ಕಟ್ಟಡದ ಕೆಲಸ ನಡೆಯುತ್ತಿರುವಾಗ ಹಾರುವ ಜಿಪ್ಸಮ್ ಧೂಳು ಬರ್ನರನ್ನು ಕಟ್ಟಿಹಾಕುವುದನ್ನೂ ಇದರ ಜೊತೆಗೆ ಎಣಿಸಬೇಕು.

ಎರಡನೆಯ ದಾರಿ, ಹೊರಗಿನಿಂದ ಬಾಯ್ಲರಿನ ಬಾಯಿಗೇ ನೇರವಾಗಿ ಒಂದು ಮುಚ್ಚಿದ ಕೊಳವೆಯನ್ನು ತರುವುದು. ಕೋಣೆಯಲ್ಲಿ ಏನಿದ್ದರೂ, ಯಾವ ಫ್ಯಾನ್ ತಿರುಗಿದರೂ ಉರಿಗೆ ಅದರ ಸಂಬಂಧವಿರುವುದಿಲ್ಲ. ಬಾಯ್ಲರಿಗೆಂದೇ ಮೀಸಲಾದ, ಸದಾ ತೆರೆದ ಕಿಂಡಿಗಳಿರುವ ಕೋಣೆಯೊಂದು ಇದ್ದರೆ ಮೊದಲ ದಾರಿಗೂ ನನ್ನ ಆಕ್ಷೇಪವಿಲ್ಲ. ಉಳಿದ ಎಲ್ಲ ಸಂದರ್ಭಗಳಲ್ಲಿ, ಅದರಲ್ಲೂ ಕೋಣೆಯನ್ನು ಉಗ್ರಾಣವಾಗಿಯೂ ಬಳಸುವ ಕಡೆ, ಈ ಎರಡನೆಯದನ್ನೇ ಆರಿಸಬೇಕು. ಇದಕ್ಕೆ ಕೆಲವು ಷರತ್ತುಗಳಿವೆ. ಕೊಳವೆಯ ಉದ್ದ ಮತ್ತು ಬೆಂಡುಗಳು (ತಿರುವುಗಳು) ಬ್ಲೋವರಿನ, ಅಂದರೆ ಗಾಳಿ ನೂಕುವ ಫ್ಯಾನಿನ, ಬಲವನ್ನು ತಿನ್ನುತ್ತವೆ. ಪ್ರತಿ ಬೆಂಡನ್ನೂ ಇಷ್ಟು ಮೀಟರ್ ನೇರ ಕೊಳವೆಗೆ ಸಮ ಎಂದು ತಯಾರಕರ ಕೋಷ್ಟಕ ಕೊಟ್ಟಿರುತ್ತದೆ, ಗಾಳಿ ಮತ್ತು ಹೊಗೆ ಎರಡೂ ಕಡೆಯ ಒಟ್ಟು ಮೊತ್ತ ಆ ಮಿತಿಯೊಳಗೆ ಇರಬೇಕು. ಚಳಿಗಾಳಿ ಹರಿಯುವ ಕೊಳವೆ ಬೆಚ್ಚಗಿನ ತೇವದ ಕೋಣೆಯಲ್ಲಿ ಬೆವರುವುದರಿಂದ ಅದಕ್ಕೆ ಮುಚ್ಚಿದ ರಂಧ್ರದ ಫೋಮ್ ಹೊದಿಕೆ ಸುತ್ತಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಜೋಡಣೆಗಳ ಬಿಗಿತ. ಹೊಗೆಕೊಳವೆ ಸೋರಿದರೆ ವಾಸನೆಯೋ ತೇವವೋ ಹೊರಗೆ ಬರುತ್ತದೆ. ಗಾಳಿಕೊಳವೆ ಸೋರಿದರೆ ಏನೂ ಹೊರಗೆ ಬರುವುದಿಲ್ಲ, ಕೋಣೆಯ ಗಾಳಿ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಬಾಯ್ಲರ್ ಉರಿಯುತ್ತಿರುವಾಗ ಪರೀಕ್ಷೆಯ ಹೊಗೆಕಡ್ಡಿಯನ್ನು ಪ್ರತಿ ಜೋಡಣೆಯ ಸುತ್ತ ನಿಧಾನವಾಗಿ ಹಿಡಿದರೆ, ನೇರವಾಗಿ ಏಳುತ್ತಿದ್ದ ಎಳೆ ಒಂದೆಡೆ ತಟ್ಟನೆ ಬಾಗಿ ಕೊಳವೆಯೊಳಗೆ ಮಾಯವಾಗುತ್ತದೆ. ಸೋರುವ ಜಾಗ ಅದೇ.

ಮೂರನೆಯದು ಕೊಳವೆಯೊಳಗೆ ಕೊಳವೆ: ಒಳಗಿನಿಂದ ಹೊಗೆ ಹೊರಗೆ, ಸುತ್ತಲಿನ ಉಂಗುರದಂತಹ ಜಾಗದಿಂದ ಗಾಳಿ ಒಳಗೆ. ಗೋಡೆಯಲ್ಲಿ ಒಂದೇ ರಂಧ್ರ ಸಾಕು, ಹೊರಮೈ ತಣ್ಣಗಿರುತ್ತದೆ, ಬರುವ ಗಾಳಿ ಕೊಂಚ ಬಿಸಿಯಾಗುತ್ತದೆ. ಚಿಕ್ಕ ವಾಣಿಜ್ಯ ಬಾಯ್ಲರುಗಳಿಗೆ ಇದು ಚೊಕ್ಕವಾದ ವ್ಯವಸ್ಥೆ. ದೊಡ್ಡ ವ್ಯಾಸಗಳಲ್ಲಿ ಇದು ಭಾರವೂ ದುಬಾರಿಯೂ ಆಗುತ್ತದೆ. ಒಳಕೊಳವೆಯ ಗ್ಯಾಸ್ಕೆಟ್ ಜಾರಿದರೆ ಹೊಗೆ ಗಾಳಿಯ ಜೊತೆ ಸೇರಿ ಮತ್ತೆ ಬರ್ನರಿಗೇ ಬರುತ್ತದೆ, ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ.

ಹೊಗೆಕೊಳವೆಯ ವಸ್ತು

ಕೊಳವೆಯ ವಸ್ತುವನ್ನು ನಿರ್ಧರಿಸುವುದು ಎರಡು ಸಂಗತಿಗಳು: ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದು, ಮತ್ತು ಹೊಗೆಯಲ್ಲಿರುವ ನೀರಾವಿ ಕೊಳವೆಯಲ್ಲೇ ನೀರಾಗುತ್ತದೋ ಇಲ್ಲವೋ ಎಂಬುದು. ಉತ್ತರ ಅಮೆರಿಕದಲ್ಲಿ ಈ ಎರಡನ್ನೂ ಸೇರಿಸಿ ಉಪಕರಣಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ. ಒಂದನೆಯ ವರ್ಗದಲ್ಲಿ ಒತ್ತಡ ಕಡಿಮೆ, ಹೊಗೆ ಒಣ. ನಾಲ್ಕನೆಯದರಲ್ಲಿ ಒತ್ತಡ ಹೆಚ್ಚು, ಹೊಗೆ ತೇವ. ಎರಡನೆಯದು ಕಡಿಮೆ ಒತ್ತಡದ ತೇವದ ಹೊಗೆ, ಮೂರನೆಯದು ಹೆಚ್ಚು ಒತ್ತಡದ ಒಣ ಹೊಗೆ. ಹೊಗೆಯ ನೀರಾವಿಯನ್ನು ನೀರಾಗಿಸಿ ಅದರ ಶಾಖವನ್ನೂ ಬಳಸುವ ಇಂದಿನ ಕಂಡೆನ್ಸಿಂಗ್ ಬಾಯ್ಲರುಗಳು ಬಹುಪಾಲು ನಾಲ್ಕನೆಯವು. ವರ್ಗ ಯಾವುದೆಂಬುದು ಬಾಯ್ಲರಿನ ಫಲಕದ ಮೇಲೆಯೇ ಅಚ್ಚಾಗಿರುತ್ತದೆ. ಕೊಳವೆ ಮಾರುವವರ ಸಲಹೆಗಿಂತ ಮೊದಲು ಆ ಫಲಕವನ್ನು ಓದಬೇಕು.

ಒಣ ಹೊಗೆಯ, ಸಹಜ ಸೆಳೆತದ (ಬಿಸಿ ಹೊಗೆ ತಾನಾಗಿ ಮೇಲೇರುವ) ಬಾಯ್ಲರಿಗೆ ಒಳಗೆ ಅಲ್ಯೂಮಿನಿಯಂ, ಹೊರಗೆ ಗ್ಯಾಲ್ವನೈಸ್ ತಗಡು ಇರುವ ಎರಡು ಪದರದ ಕೊಳವೆ ನಡೆಯುತ್ತದೆ. ಇದರ ಜೋಡಣೆಗಳು ಒತ್ತಡವನ್ನು ತಡೆಯುವಂಥವಲ್ಲ, ಇದರ ಲೋಹ ಆಮ್ಲದ ನೀರನ್ನು ತಾಳುವುದಿಲ್ಲ. ಕಂಡೆನ್ಸಿಂಗ್ ಬಾಯ್ಲರಿಗೆ ಇದನ್ನು ಹಾಕಿದರೆ ಹೊಗೆಯೂ ಸೋರುತ್ತದೆ, ಕೊಳವೆಯೂ ತೂತಾಗುತ್ತದೆ. ಈ ಎರಡರ ನಡುವೆ ಹೊಂದಾಣಿಕೆಯ ಮಾತೇ ಇಲ್ಲ.

ತೇವದ ಹೊಗೆಗೆ ನಿಜವಾದ ಸ್ಪರ್ಧೆ ಇರುವುದು ಪ್ಲಾಸ್ಟಿಕ್ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ನಡುವೆ. ಪ್ಲಾಸ್ಟಿಕ್ ಎಂದರೆ ಒಂದೇ ವಸ್ತುವಲ್ಲ. ಕೆನಡಾದ ಎಸ್636 ಮಾನಕವು ಪಿವಿಸಿ ಹೊಗೆಕೊಳವೆಗೆ 65, ಸಿಪಿವಿಸಿಗೆ 90, ಪಾಲಿಪ್ರೊಪಿಲೀನಿಗೆ 110 ಡಿಗ್ರಿ ಸೆಲ್ಸಿಯಸ್ ಗರಿಷ್ಠ ಮಿತಿಯನ್ನು ಹಾಕಿದೆ. ಈ ಅಂಕಿಗಳನ್ನು ಬಾಯ್ಲರಿಗೆ ಮರಳುವ ನೀರಿನ ಉಷ್ಣತೆಯ ಜೊತೆಗಿಟ್ಟು ನೋಡಬೇಕು, ಏಕೆಂದರೆ ಕಂಡೆನ್ಸಿಂಗ್ ಬಾಯ್ಲರಿನ ಹೊಗೆ ಆ ನೀರಿಗಿಂತ ಕೆಲವೇ ಡಿಗ್ರಿ ಹೆಚ್ಚು ಬಿಸಿಯಿರುತ್ತದೆ. ನೀರು 40 ಡಿಗ್ರಿಯಲ್ಲಿ ಮರಳುವ ವ್ಯವಸ್ಥೆಯಲ್ಲಿ ಹೊಗೆ 50ರ ಆಸುಪಾಸಿನಲ್ಲಿದ್ದು ಪಿವಿಸಿಗೂ ತೊಂದರೆಯಾಗದು. ಅದೇ ಕಟ್ಟಡದಲ್ಲಿ ಅತಿ ಚಳಿಯ ಒಂದು ದಿನ ನೀರಿನ ಉಷ್ಣತೆಯನ್ನು ಏರಿಸಿ, ಅದು 70ರಲ್ಲಿ ಮರಳತೊಡಗಿದರೆ, ಹೊಗೆ ಆ ಮಿತಿಯನ್ನು ದಾಟಿಯೇ ತೀರುತ್ತದೆ. ವರ್ಷದ 360 ದಿನಗಳಿಗೆ ಸರಿಹೊಂದಿ, ಬಾಯ್ಲರ್ ಅತ್ಯಂತ ಹೆಚ್ಚು ದುಡಿಯುವ ಐದು ದಿನಗಳಲ್ಲಿ ಮೆತ್ತಗಾಗುವ ಕೊಳವೆಯನ್ನು ವಾಣಿಜ್ಯ ಕಟ್ಟಡಕ್ಕೆ ಯಾರಿಗೂ ಶಿಫಾರಸು ಮಾಡಲಾರೆ. ಇನ್ನು ಚರಂಡಿ ಕೆಲಸಕ್ಕೆ ಮಾರುವ, ನಡುವೆ ನೊರೆಯಂತಹ ತಿರುಳಿರುವ ಪಿವಿಸಿ ಕೊಳವೆಯನ್ನು ಹೊಗೆಗೆ ಬಳಸುವುದು ಎಂದೂ ಕೂಡದು. ಹೊಗೆ ಸಾಗುವ ಪಿವಿಸಿ, ಸಿಪಿವಿಸಿ ಕೊಳವೆಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತಿದರೆ ಗೋಡೆ ಇನ್ನಷ್ಟು ಬಿಸಿಯಾಗುತ್ತದೆ ಎಂಬುದನ್ನೂ ಮರೆಯಬಾರದು.

ಪಾಲಿಪ್ರೊಪಿಲೀನಿನ ಬಲ ಅದರ ಉಷ್ಣತೆಯ ಮಿತಿ, ಆಮ್ಲ ನಿರೋಧ ಮತ್ತು ಅಂಟಿಲ್ಲದೆ ಗ್ಯಾಸ್ಕೆಟ್ಟಿನಿಂದ ಕೂಡಿಕೊಳ್ಳುವ ಸುಲಭ ಜೋಡಣೆ. ದೌರ್ಬಲ್ಯ ಅದರ ಹಿಗ್ಗುವಿಕೆ. 12 ಮೀಟರ್ ಉದ್ದದ ಓಟದಲ್ಲಿ ಉಷ್ಣತೆ 60 ಡಿಗ್ರಿ ಏರಿದರೆ ಪಾಲಿಪ್ರೊಪಿಲೀನ್ ಸುಮಾರು 100 ಮಿಲಿಮೀಟರ್ ಬೆಳೆಯುತ್ತದೆ. ಅದೇ ಉದ್ದದ 316 ದರ್ಜೆಯ ಸ್ಟೀಲು ಬೆಳೆಯುವುದು 12 ಮಿಲಿಮೀಟರಿನಷ್ಟು. ಆ ನೂರು ಮಿಲಿಮೀಟರಿಗೆ ಎಲ್ಲಿ ಜಾಗ, ಯಾವ ಕ್ಲಾಂಪ್ ಬಿಗಿ, ಯಾವುದು ಜಾರುವಂಥದ್ದು ಎಂಬುದನ್ನು ನಕ್ಷೆಯಲ್ಲೇ ಗುರುತಿಸದಿದ್ದರೆ, ಕೊಳವೆ ದಿನಕ್ಕೆ ಹತ್ತಾರು ಬಾರಿ ಹಿಗ್ಗಿ ಕುಗ್ಗಿ ತನ್ನ ಜೋಡಣೆಯನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಬೀಗದ ಉಂಗುರಗಳನ್ನು ಉಳಿತಾಯದ ಹೆಸರಿನಲ್ಲಿ ಕೈಬಿಡುವುದು ಈ ಕಾರಣಕ್ಕೇ ದೊಡ್ಡ ತಪ್ಪು.

ಸ್ಟೀಲಿನಲ್ಲೂ ಭೇದವಿದೆ. 304 ದರ್ಜೆ ಕ್ಲೋರೈಡಿರುವ ಆಮ್ಲದ ನೀರಿಗೆ ಬೇಗ ಸೋಲುತ್ತದೆ. 316ಎಲ್ ಅದಕ್ಕಿಂತ ಗಟ್ಟಿ. ನೂರಕ್ಕೆ ಸುಮಾರು 29 ಪಾಲು ಕ್ರೋಮಿಯಂ ಮತ್ತು 4 ಪಾಲು ಮಾಲಿಬ್ಡಿನಂ ಇರುವ ಎಎಲ್29-4ಸಿ ಮಿಶ್ರಲೋಹ ಇಂತಹ ಹೊಗೆಗೆ ಹೆಚ್ಚು ಬಾಳುವಂಥದ್ದು. ಬೆಲೆ ಏರಿದರೂ, ನೀರು ಬಿಸಿಯಾಗಿ ಮರಳುವ, ಕೊಳವೆ ಹಲವು ಅಂತಸ್ತು ಏರಬೇಕಾದ, ಅಥವಾ ಬೆಂಕಿ ತಡೆಯ ಗೋಡೆಗಳನ್ನು ಹಾಯಬೇಕಾದ ಕಟ್ಟಡದಲ್ಲಿ ಸ್ಟೀಲೇ ಸರಿಯಾದ ಉತ್ತರ. ತಗ್ಗಿನ ಉಷ್ಣತೆಯಲ್ಲಿ ದುಡಿಯುವ, ಹತ್ತಿರದಲ್ಲೇ ಹೊರಗೋಡೆ ಅಥವಾ ತಾರಸಿ ಸಿಗುವ ಬಾಯ್ಲರಿಗೆ ಪಾಲಿಪ್ರೊಪಿಲೀನ್ ಸಾಕು. ಯಾವುದನ್ನು ಆರಿಸಿದರೂ ಇಡೀ ಓಟ ಒಬ್ಬರೇ ತಯಾರಕರದಾಗಿರಬೇಕು. ಒಬ್ಬರ ಕೊಳವೆ ಇನ್ನೊಬ್ಬರ ಬೆಂಡಿಗೆ ಕೂತಂತೆ ಕಂಡರೂ ಗ್ಯಾಸ್ಕೆಟ್ಟಿನ ತೋಡು ಅರ್ಧ ಮಿಲಿಮೀಟರ್ ಆಚೀಚೆ ಇದ್ದರೆ ಸಾಕು, ಒತ್ತಡದ ಹೊಗೆ ದಾರಿ ಹುಡುಕಿಕೊಳ್ಳುತ್ತದೆ. ಹೀಗೆ ಮುಚ್ಚಿದ ಕೊಳವೆಯ ಒಳಗೋಡೆಯನ್ನು ತೂರುವ ಸ್ಕ್ರೂ ಕೂಡ ಅಷ್ಟೇ ನಿಷಿದ್ಧ.

ತಾರಸಿಯೋ, ಪಕ್ಕದ ಗೋಡೆಯೋ

ಗೋಡೆಯ ಮೂಲಕ ಹೊರಗೆ ಬಿಡುವುದು ಅಗ್ಗ ಮತ್ತು ಹತ್ತಿರ. ಆದರೆ ವಾಣಿಜ್ಯ ಬಾಯ್ಲರಿನ ಹೊಗೆ ಒಂದು ಮನೆಯ ಹೀಟರಿನದಲ್ಲ. ಚಳಿಯಲ್ಲಿ ಅದು ದಟ್ಟ ಬಿಳಿ ಆವಿಯಾಗಿ ಕಿಟಕಿಗಳ ಮುಂದೆ ತೇಲುತ್ತದೆ, ಗೋಡೆಗೆ ತಾಗಿದಲ್ಲಿ ಆಮ್ಲದ ನೀರು ಗಾರೆಯನ್ನು ಕೆಡಿಸುತ್ತದೆ. ಫ್ಯಾನ್ ಬಲದಿಂದ ಹೊರಬರುವ ಹೊಗೆಯ ಬಾಯಿಗೆ ಎನ್‌ಎಫ್‌ಪಿಎ 54 ಇಟ್ಟಿರುವ ಅಂತರಗಳು ಹೀಗಿವೆ: ತೆರೆಯುವ ಕಿಟಕಿ ಬಾಗಿಲುಗಳಿಂದ 1.2 ಮೀಟರ್ ಕೆಳಗೆ ಅಥವಾ ಪಕ್ಕಕ್ಕೆ, ಇಲ್ಲವೇ 300 ಮಿಲಿಮೀಟರ್ ಮೇಲೆ. 3 ಮೀಟರಿನೊಳಗೆ ಕಟ್ಟಡದ ಗಾಳಿ ಎಳೆಯುವ ಫ್ಯಾನಿನ ಬಾಯಿ ಇದ್ದರೆ ಅದಕ್ಕಿಂತ 0.9 ಮೀಟರ್ ಎತ್ತರದಲ್ಲಿ. ನೆಲದಿಂದ ಕನಿಷ್ಠ 300 ಮಿಲಿಮೀಟರ್. ಜನ ನಡೆಯುವ ದಾರಿಯ ಮೇಲಾದರೆ 2.1 ಮೀಟರ್. ಇವು ಕನಿಷ್ಠಗಳು, ದೊಡ್ಡ ಬಾಯ್ಲರುಗಳ ಕೈಪಿಡಿಗಳು ಇದಕ್ಕಿಂತ ಹೆಚ್ಚನ್ನು ಕೇಳುವುದುಂಟು. ಹಿಮ ಬೀಳುವ ಕಡೆ ನೆಲವೆಂದರೆ ಹಿಮ ರಾಶಿ ಬೀಳುವ ಮಟ್ಟವೆಂದು ತಿಳಿಯಬೇಕು.

ಅಂತರಗಳಿಗಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಗಾಳಿಯ ಬಾಯಿ ಮತ್ತು ಹೊಗೆಯ ಬಾಯಿ ಎರಡೂ ಒಂದೇ ಗೋಡೆಯಲ್ಲಿ, ಅಥವಾ ಎರಡೂ ತಾರಸಿಯಲ್ಲಿ ಇರುವುದು ಲೇಸು. ಹೊಗೆಯನ್ನು ಒಂದು ಗೋಡೆಯಿಂದ ಬಿಟ್ಟು, ಗಾಳಿಯನ್ನು ಎದುರಿನ ಗೋಡೆಯಿಂದ ತಂದರೆ, ಗಾಳಿ ಬೀಸುವ ದಿನ ಒಂದು ಗೋಡೆ ಒತ್ತಡದಲ್ಲಿ, ಇನ್ನೊಂದು ಎಳೆತದಲ್ಲಿ ಇರುತ್ತದೆ. ಬಾಯ್ಲರ್ ಆ ವ್ಯತ್ಯಾಸವನ್ನು ತನ್ನ ಬ್ಲೋವರಿನಿಂದ ಎದುರಿಸಬೇಕಾಗುತ್ತದೆ. ಬಿರುಗಾಳಿಯ ದಿನಗಳಲ್ಲಿ ಮಾತ್ರ ಉರಿ ಆರಿಹೋಗುತ್ತದೆ, ಮೆಕ್ಯಾನಿಕ್ ಬರುವ ಹೊತ್ತಿಗೆ ಎಲ್ಲ ಸರಿ ಇರುತ್ತದೆ ಎಂಬ ದೂರಿನ ಮೂಲ ಬಹುತೇಕ ಇಲ್ಲೇ ಸಿಗುತ್ತದೆ. ಪ್ರತ್ಯೇಕ ಒತ್ತಡದ ವಲಯಗಳಿಗೆ ಪರೀಕ್ಷಿಸಿ ಒಪ್ಪಿಗೆ ಪಡೆದ ಮಾದರಿಗಳಿವೆ, ಆದರೆ ಆ ಒಪ್ಪಿಗೆ ಕೈಪಿಡಿಯಲ್ಲಿ ಬರೆದಿರಬೇಕು. ಒಂದೇ ಗೋಡೆಯಲ್ಲಿ ಇಟ್ಟಾಗಲೂ ಹೊಗೆಯ ಬಾಯಿ ಮೇಲೆ, ಗಾಳಿಯ ಬಾಯಿ ಕೆಳಗೆ ಬರುವಂತೆ, ತಯಾರಕರು ಹೇಳಿದಷ್ಟು ದೂರ ಬಿಡಬೇಕು. ಮೂಲೆಗಳಲ್ಲಿ, ಒಳಸರಿದ ಅಂಗಳಗಳಲ್ಲಿ ಹೊಗೆ ಸುತ್ತಿಕೊಂಡು ನಿಲ್ಲುತ್ತದೆ. ಹಕ್ಕಿ ತಡೆಯುವ ಜಾಲರಿ ಬೇಕು, ಆದರೆ ಸೊಳ್ಳೆ ಪರದೆಯಷ್ಟು ಸಣ್ಣದಾದರೆ ಧೂಳು ಮತ್ತು ಮಂಜಿನಿಂದ ಅದು ಮುಚ್ಚಿಹೋಗುತ್ತದೆ.

ಇವೆಲ್ಲವನ್ನೂ ತೂಗಿದಾಗ, ತಾರಸಿಗೆ ದಾರಿ ಇದ್ದರೆ ನನ್ನ ಮತ ತಾರಸಿಗೆ. ಖರ್ಚು ಹೆಚ್ಚು, ಆದರೆ ಕಿಟಕಿಗಳ, ದಾರಿಹೋಕರ, ಮುಂದೆ ಕಟ್ಟಲಿರುವ ಕೋಣೆಗಳ ಚಿಂತೆ ಅಲ್ಲಿ ಬಹುಪಾಲು ಇರುವುದಿಲ್ಲ. ತಾರಸಿಯ ಮೇಲಿನ ಹವಾನಿಯಂತ್ರಣ ಯಂತ್ರಗಳು ಗಾಳಿ ಎಳೆಯುವ ಕಡೆಯನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಹಳೆಯ ಚಿಮಣಿ ಮತ್ತು ಒಂದಕ್ಕಿಂತ ಹೆಚ್ಚು ಬಾಯ್ಲರುಗಳು

ಇಟ್ಟಿಗೆಯ ಹಳೆಯ ಚಿಮಣಿ ಇದೆಯಲ್ಲ, ಅದಕ್ಕೇ ಜೋಡಿಸಿಬಿಡೋಣ ಎಂಬ ಮಾತು ಪ್ರತಿ ಕಡೆಯೂ ಬರುತ್ತದೆ. ಚಿಮಣಿ ಎಳೆಯುವುದು ಬಿಸಿಯಿಂದ. 15 ಮೀಟರ್ ಎತ್ತರದಲ್ಲಿ, ಹೊರಗೆ 20 ಡಿಗ್ರಿ ಇರುವಾಗ, 150 ಡಿಗ್ರಿಯ ಹೊಗೆ 50 ಪ್ಯಾಸ್ಕಲ್ಲಿಗೂ ಮಿಕ್ಕಿದ ಸೆಳೆತ ಕೊಡುತ್ತದೆ. 50 ಡಿಗ್ರಿಯ ಹೊಗೆಗೆ ಅದು 20ರ ಸುತ್ತಮುತ್ತ ಇಳಿಯುತ್ತದೆ. ಮೇಲಾಗಿ ನೈಸರ್ಗಿಕ ಅನಿಲದ ಹೊಗೆಯ ಇಬ್ಬನಿ ಬಿಂದು, ಅಂದರೆ ನೀರಾವಿ ನೀರಾಗತೊಡಗುವ ಉಷ್ಣತೆ, ಸುಮಾರು 55 ಡಿಗ್ರಿ; ಅದರ ಕೆಳಗೆ ಇಟ್ಟಿಗೆಯ ಮೈಯೆಲ್ಲ ಆಮ್ಲದಿಂದ ತೊಯ್ಯುತ್ತದೆ. ಕಂಡೆನ್ಸಿಂಗ್ ಬಾಯ್ಲರಿಗೆ ಹಳೆಯ ಚಿಮಣಿಯನ್ನು, ಒಳಗೆ ಹೊಸ ಮುಚ್ಚಿದ ಕೊಳವೆಯನ್ನು ಇಳಿಸಲು ಒಂದು ಹಾದಿಯಾಗಿ ಮಾತ್ರ ಬಳಸಬಹುದು. ದೊಡ್ಡ ಬಾಯ್ಲರನ್ನು ಆ ಚಿಮಣಿಯಿಂದ ತೆಗೆದು, ಚಿಕ್ಕ ನೀರಿನ ಹೀಟರ್ ಒಂದನ್ನೇ ಅದರಲ್ಲಿ ಉಳಿಸಿದರೆ ಇನ್ನೊಂದು ಅಪಾಯ ಹುಟ್ಟುತ್ತದೆ: ಅಷ್ಟು ಅಗಲದ ಚಿಮಣಿಯನ್ನು ಬಿಸಿಮಾಡುವ ಶಕ್ತಿ ಹೀಟರಿಗೆ ಇಲ್ಲದೆ, ಅದರ ಹೊಗೆ ತಣ್ಣಗಾಗಿ ಕೋಣೆಗೇ ಮರಳುತ್ತದೆ. ಆ ಹೀಟರಿಗೆ ತಕ್ಕ ವ್ಯಾಸದ ಒಳಕೊಳವೆಯನ್ನು ಅದೇ ಕೆಲಸದಲ್ಲಿ ಸೇರಿಸಬೇಕು.

ಮೂರು ನಾಲ್ಕು ಬಾಯ್ಲರುಗಳಿದ್ದಾಗ ಪ್ರತಿಯೊಂದಕ್ಕೂ ಪ್ರತ್ಯೇಕ ಜೋಡಿ ಕೊಳವೆ ಹಾಕುವುದು ಸರಳ ಮತ್ತು ಸುರಕ್ಷಿತ. ಜಾಗವಿಲ್ಲದಿದ್ದರೆ ಸಾಮೂಹಿಕ ಕೊಳವೆ. ಇಲ್ಲಿರುವ ಮುಖ್ಯ ಅಪಾಯವೆಂದರೆ ಉರಿಯುತ್ತಿರುವ ಬಾಯ್ಲರಿನ ಹೊಗೆ ಆರಿರುವ ಬಾಯ್ಲರಿನ ಮೂಲಕ ಕೋಣೆಗೆ ಬರುವುದು. ಹಿಮ್ಮುಖ ತಡೆಯುವ ಕವಾಟ, ಒತ್ತಡವನ್ನು ಅಳೆದು ತಿರುಗುವ ಫ್ಯಾನ್, ಆ ಫ್ಯಾನ್ ನಿಂತರೆ ಎಲ್ಲ ಬರ್ನರುಗಳನ್ನೂ ನಿಲ್ಲಿಸುವ ಇಂಟರ್‌ಲಾಕ್ ಇವಿಲ್ಲದ ಸಾಮೂಹಿಕ ವ್ಯವಸ್ಥೆಯನ್ನು ಒಪ್ಪಿಕೊಳ್ಳಬಾರದು. ಬೇರೆ ಬೇರೆ ವರ್ಗದ ಉಪಕರಣಗಳನ್ನು ಒಂದೇ ಕೊಳವೆಗೆ ಸೇರಿಸುವುದಂತೂ ಇಲ್ಲವೇ ಇಲ್ಲ.

ವಾಟ, ನೀರು ಮತ್ತು ಮೊದಲ ಉರಿ

ಕಂಡೆನ್ಸಿಂಗ್ ಬಾಯ್ಲರಿನ ಹೊಗೆಕೊಳವೆಗೆ ವಾಟ ಕೊಡುವುದನ್ನು ಕಣ್ಣಳತೆಗೆ ಬಿಡಬಾರದು. ಮೀಟರಿಗೆ ಸುಮಾರು 20 ಮಿಲಿಮೀಟರ್ ಇಳಿಜಾರು, ಬಾಯ್ಲರಿನ ಕಡೆಗೆ ಅಥವಾ ನಡುವಿನ ಡ್ರೈನಿನ ಕಡೆಗೆ, ಎಂಬುದು ಸಾಮಾನ್ಯ ಸೂಚನೆ. ಕೆಲವು ತಯಾರಕರು ಹೆಚ್ಚು ಕೇಳುತ್ತಾರೆ. ಕ್ಲಾಂಪುಗಳ ನಡುವೆ ಪ್ಲಾಸ್ಟಿಕ್ ಕೊಳವೆ ಜೋತುಬಿದ್ದರೆ ಆ ತಗ್ಗಿನಲ್ಲಿ ನೀರು ನಿಂತು ಹೊಗೆಯ ದಾರಿಯನ್ನೇ ಮುಚ್ಚುತ್ತದೆ. ಆ ನೀರು ಕಡಿಮೆಯೇನಲ್ಲ. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರು ಹುಟ್ಟುತ್ತದೆ. 500 ಕಿಲೋವ್ಯಾಟಿನಲ್ಲಿ ಅದು ಗಂಟೆಗೆ 70 ಲೀಟರ್ ದಾಟುತ್ತದೆ, ಅದರ ಅರ್ಧ ಸಾಂದ್ರವಾದರೂ ಗಂಟೆಗೆ ಎರಡು ಬಕೆಟ್ಟು. ಇದರ ಪಿಎಚ್ ಸಾಮಾನ್ಯವಾಗಿ 3ರಿಂದ 5ರ ನಡುವೆ ಇರುವುದರಿಂದ, ಸುಣ್ಣಕಲ್ಲಿನ ಚೂರುಗಳ ಪೆಟ್ಟಿಗೆಯ ಮೂಲಕ ಹಾಯಿಸಿ ಚರಂಡಿಗೆ ಬಿಡಬೇಕು. ಮೊದಲ ಬಾರಿ ಉರಿಸುವ ಮುನ್ನ ಟ್ರ್ಯಾಪಿಗೆ, ಅಂದರೆ ನೀರನ್ನು ಬಿಟ್ಟು ಹೊಗೆಯನ್ನು ತಡೆಯುವ ಬಾಗಿದ ಕೊಳವೆಗೆ, ನೀರು ತುಂಬಿಸಬೇಕು. ಒಣಗಿದ ಟ್ರ್ಯಾಪ್ ಎಂದರೆ ಒತ್ತಡದ ಹೊಗೆ ಕೋಣೆಗೆ ಬರಲು ತೆರೆದಿಟ್ಟ ಬಾಗಿಲು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡಿಗೆ ಅಷ್ಟೇ ದಾರಿ ಸಾಕು. ಕೋಣೆಯಲ್ಲಿ ಅದರ ಅಲಾರಂ ಇರಬೇಕು. ಅದು ಕೂಗಿದಾಗ ಬರ್ನರ್ ನಿಲ್ಲುವಂತೆ ಜೋಡಿಸಿದ್ದರೆ ಇನ್ನೂ ಒಳ್ಳೆಯದು.

ಕೆಲಸ ಮುಗಿದ ಮೇಲೆ ಹೊಗೆಯಲ್ಲಿ ಆಮ್ಲಜನಕ ಮತ್ತು ಕಾರ್ಬನ್ ಮಾನಾಕ್ಸೈಡ್ ಅಳೆಯುವುದನ್ನು ಎಲ್ಲರೂ ಮಾಡುತ್ತಾರೆ. ಅದೇ ವಿಶ್ಲೇಷಕದ ಕೊಳವೆಯನ್ನು ಗಾಳಿ ಬರುವ ಕಡೆಯ ಪರೀಕ್ಷಾ ರಂಧ್ರಕ್ಕೂ ಹಾಕುವವರು ಕಡಿಮೆ. ಶುದ್ಧ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9ರಷ್ಟು ಇರುತ್ತದೆ, ಬ್ರಿಟನ್ನಿನ ರೂಢಿಯಲ್ಲಿ, ಬಾಯ್ಲರ್ ಉರಿಯುತ್ತಿರುವಾಗ ಗಾಳಿಯ ದಾರಿಯಲ್ಲಿ ಇದು 20.6ಕ್ಕಿಂತ ಇಳಿದರೆ, ಅಥವಾ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 0.2ನ್ನು ದಾಟಿದರೆ, ಹೊಗೆ ಮರಳಿ ಬರುತ್ತಿದೆ ಎಂದೇ ಅರ್ಥ. ಈ ಅಳತೆಯನ್ನು ಎಲ್ಲ ಬಾಯ್ಲರುಗಳೂ ಪೂರ್ಣ ಬಲದಲ್ಲಿ ಉರಿಯುತ್ತಿರುವಾಗ, ಕಟ್ಟಡದ ಎಕ್ಸಾಸ್ಟ್ ಫ್ಯಾನುಗಳನ್ನೆಲ್ಲ ತಿರುಗಲು ಬಿಟ್ಟು, ಬಾಗಿಲು ಮುಚ್ಚಿ ತೆಗೆದುಕೊಳ್ಳಬೇಕು. ಅಂಕಿಗಳನ್ನು ಬಾಯ್ಲರಿನ ಪಕ್ಕದ ದಾಖಲೆ ಪುಸ್ತಕದಲ್ಲಿ ಬರೆದು, ಪರೀಕ್ಷಾ ರಂಧ್ರದ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ ಮೇಲೆಯೇ ಕೋಣೆಯಿಂದ ಹೊರಬರಬೇಕು.